ಉದ್ದಪ್ಪ ಕಾಕಾ ಗಿರಾಕಿಯಲ್ಲ

ನನ್ನ ಹೆಂಡತಿ ದಾನೇಶ್ವರಿ ಸೀರೆ ಆರಿಸಲು ಎಂದೂ ಹೊತ್ತು ಹಾಳುಮಾಡಿದವಳಲ್ಲ. ಸಾಫ್ಟ್‌ವೇರ್ ಆರಿಸಲು ಮಾತ್ರ ಒಂದು ಬೇಸಿಗೆ ಪೂರ್ತಿ ತೆಗೆದುಕೊಂಡಳು. ಅರಭಾವಿಯಲ್ಲಿ ತೋಟಗಾರಿಕೆ ಓದಿ, ಯಾವ ಕಂಪನಿಯ ಹಂಗೂ ಇಲ್ಲದೆ, ಗೋಕಾಕ, ಮೂಡಲಗಿ, ಹುಕ್ಕೇರಿ ಸುತ್ತಿನ ತೋಟಗಳಿಗೆ ಸ್ಕೂಟಿಯಲ್ಲಿ ಹೋಗಿ ಸಲಹೆ ಕೊಡುವವಳು. ಗಿರಾಕಿಗಳು ಹೆಚ್ಚಾದಂತೆ ಯಾರ ತೋಟಕ್ಕೆ ಯಾವಾಗ ಹೋಗಬೇಕು, ಯಾರಿಗೆ ಯಾವ ಔಷಧಿ ಹೇಳಿದ್ದಾಯಿತು ಎಂಬುದೆಲ್ಲ ಕಲಸುಮೇಲೋಗರವಾಗಿತ್ತು.

ತಿಂಗಳ ಬಾಡಿಗೆಯ ಸಾಫ್ಟ್‌ವೇರ್ ಬೇಡವೆಂದು ಓಪನ್ ಸೋರ್ಸ್‌ನಲ್ಲೇ ನಾಲ್ಕಾರು ಹಾಕಿ ನೋಡಿದಳು. ಒಂದಂತೂ ಸಕ್ಕರೆ ಕಾರ್ಖಾನೆ ನಡೆಸುವವರಿಗೆ ಹೇಳಿ ಮಾಡಿಸಿದಂತಿತ್ತು. ಇನ್ನೊಂದರಲ್ಲಿ ಕನ್ನಡ ಅಕ್ಷರಗಳ ಜಾಗದಲ್ಲಿ ಬರೀ ಚೌಕಗಳು ಕಾಣುತ್ತಿದ್ದವು. ಕೊನೆಗೊಂದು ಮನಸ್ಸಿಗೆ ಬಂತು.

"ಇದ ಛಲೋ ಐತಿ ನೋಡ್ರಿ. ಪುಕ್ಕಟೆ ಐತಿ, ಮ್ಯಾಲ ನಮಗ ಬೇಕಾದಂಗ ತಿದ್ದಕೋಬಹುದು. ನಾ ಹೋಗೂ ಹಿಂದಿನ ದಿನ ಗಿರಾಕಿಗೆ ತಾನ ಮೆಸೇಜ್ ಕಳಸ್ತೈತಿ."

"ಅಡಗಿನೂ ಮಾಡ್ತೈತೇನು?" ಎಂದೆ. ಅವಳು ನಗಲಿಲ್ಲ.

ಹೆಸರುಗಳನ್ನು ತುಂಬುತ್ತ ಹೋದವಳು ಮಮದಾಪುರದ ಉದ್ದಪ್ಪ ಕಾಕಾನ ಹೆಸರಿಗೆ ಬಂದು ನಿಂತಳು. ಅವನು ನಮ್ಮ ಸಂಬಂಧಿಕನಲ್ಲ. ಅವಳನ್ನು ಯಾರೂ ನಂಬದಿದ್ದ ಕಾಲದಲ್ಲಿ, ಅವಳ ಮಾತಿನ ಮೇಲೆ ಹೊಲದ ಒಂದು ಮಗ್ಗುಲಿನ ಕಬ್ಬು ತೆಗೆದು ದಾಳಿಂಬೆ ಹಚ್ಚಿದವನು. ಅವಳು ಫೀ ಕೇಳುತ್ತಿರಲಿಲ್ಲ. ಹೊರಡುವಾಗ ಅವನು ಗಾಡಿಗೆ ಬೆಲ್ಲವೋ ಹಣ್ಣೋ ಕಟ್ಟದೆ ಬಿಡುತ್ತಿರಲಿಲ್ಲ. ಆದರೆ ಫೀ ಜಾಗ ಖಾಲಿ ಬಿಟ್ಟರೆ ಸಾಫ್ಟ್‌ವೇರ್ ಹೆಸರಿನ ಕೆಳಗೆ ಕೆಂಪು ಗೆರೆ ಎಳೆದು, ಅದನ್ನು ಸೇರಿಸಿಕೊಳ್ಳದೆ ಕೂರುತ್ತಿತ್ತು. ಸೊನ್ನೆ ಹಾಕಿದರೂ ಅಷ್ಟೇ.

"ತಿದ್ದಕೋಬಹುದು ಅಂದಿದ್ದಿಯಲ್ಲ?"

"ಆಮ್ಯಾಲ ತಿದ್ದಿದರಾತು. ಕಾಕಾ ಏನ್ ಗಿರಾಕಿಯೇನ್ರಿ? ನಮ್ಮ ಮನಿ ಮಂದಿ. ಅವರ ತ್ವಾಟಾ ನನಗ ಮರೀತೈತೇನು?" ಎಂದು ಆ ಹೆಸರು ಬಿಟ್ಟು ಮುಂದಿನದಕ್ಕೆ ಹೋದಳು.

ಮರೆಯಿತು. ಬೆಳಿಗ್ಗೆ ಎದ್ದರೆ ಮೊಬೈಲ್ ಇವತ್ತು ಕೊಣ್ಣೂರ, ನಾಳೆ ಹುಕ್ಕೇರಿ ಎನ್ನುತ್ತಿತ್ತು. ಇವಳು ಅದು ತೋರಿಸಿದ ಕಡೆ ಸ್ಕೂಟಿ ತಿರುಗಿಸುತ್ತಿದ್ದಳು. ಮಳೆಗಾಲ ಹಾಗೇ ಕಳೆಯಿತು. ದೀಪಾವಳಿಗೆ ಹೋಳಿಗೆ ಮಾಡಲು ಕಾಕಾ ಕೊಟ್ಟ ಬೆಲ್ಲದ ಡಬ್ಬಿ ತೆಗೆದಾಗ ತಳ ಕಂಡಿತು. ದಾನೇಶ್ವರಿ ಒಲೆ ಆರಿಸಿದಳು. "ಗಾಡಿ ತಗೀರಿ" ಎಂದಳು.

ಮಮದಾಪುರದಲ್ಲಿ ತೋಟದ ಜಾಗದಲ್ಲಿ ಬರೀ ತಗ್ಗುಗಳಿದ್ದವು. ಕಿತ್ತ ಗಿಡಗಳನ್ನು ಬದುವಿನಲ್ಲಿ ಸುಟ್ಟಿದ್ದರು. ಅವಳು ಬಂದರೆ "ಬಾರವ್ವಾ" ಎನ್ನುತ್ತಿದ್ದ ಉದ್ದಪ್ಪ ಅಂದು ಖುರ್ಚಿ ತಂದಿಟ್ಟು, "ಬರ್ರಿ ಮೇಡಂ" ಎಂದ.

"ಎಲಿ ಮ್ಯಾಲ ಎಣ್ಣಿ ಚುಕ್ಕಿ ಬಿತ್ತ್ರಿ. ಮೊದಲ ಒಂದೆರಡ ಗಿಡಕ್ಕ, ಆಮ್ಯಾಲ ತ್ವಾಟಕ್ಕೆಲ್ಲಾ."

"ನನಗೊಂದ ಫೋನ್ ಮಾಡಬಾರದಿತ್ತೇನ್ ಕಾಕಾ?"

"ಮನಿ ಮಗಳ್ನ ಫೋನ್ ಹಚ್ಚಿ ಕೆಲಸಕ್ಕ ಕರೀತಾರೇನ್ರಿ? ತಾನ ಬರ್ತಾಳ ಅಂತ ಹಾದಿ ನೋಡಿದ್ನಿ. ಆಮ್ಯಾಲ ಸಂತ್ಯಾಗ ಕೊಣ್ಣೂರ ರಾವಸಾಹೇಬ ಸಿಕ್ಕಿದ್ದಾ. ಮೇಡಂ ನಾಳೆ ಬರ್ತಾರ ಅಂತ ಮೆಸೇಜ್ ತೋರಿಸಿದಾ. ನಾನೂ ನನ್ನ ಮೊಬೈಲ್ ತಗದ ನೋಡಿದ್ನಿ. ನಂದ್ರಾಗ ಬಂದಿರಲಿಲ್ಲ."

ದಾಳಿಂಬೆ ತೋಟವನ್ನೇ ತಿನ್ನುವ ಆ ರೋಗದ ಮೊದಲ ಚುಕ್ಕಿ ಕಂಡಾಗಲೇ ಹೋಗಿದ್ದರೆ ತೋಟ ಉಳಿಯುತ್ತಿತ್ತು. ಅದು ದಾನೇಶ್ವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ತಪ್ಪಾಯಿತೆಂದು ಅತ್ತಳು. ಕಾಕಾ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ.

"ಅಳಬ್ಯಾಡ್ರಿ. ಈ ಜಾಗಾದಾಗ ಪೇರಲ ಹಚ್ಚಬೇಕಂತ ಮಾಡೇನಿ. ನಿಮ್ಮ ಫೀ ಎಷ್ಟಂತ ಹೇಳ್ರಿ. ಎಲ್ಲಾರಂಗ ನನ್ನ ಹೆಸರೂ ಬರಕೋರ್ರಿ."

"ಬ್ಯಾಡ ಕಾಕಾ" ಎಂದಳು. ಅವಳು ಮೊಬೈಲ್ ತೆಗೆಯುವ ತನಕ ಅವನು ನಿಂತೇ ಇದ್ದ. ಉದ್ದಪ್ಪ, ಮಮದಾಪುರ ಎಂದು ಬರೆದು, ಎಲ್ಲರಿಗೂ ಹಾಕಿದ ಫೀಯನ್ನೇ ಹಾಕಿದಳು. ಈ ಸಲ ಕೆಂಪು ಗೆರೆ ಬರಲಿಲ್ಲ.

ಹೊರಡುವಾಗ ಕಾಕಾ ಗಾಡಿಗೆ ಏನೂ ಕಟ್ಟಲಿಲ್ಲ.