ಕಲೆಯಿಲ್ಲದ ಕೋಟು

ಈ ಆಸ್ಪತ್ರೆಯ ಡಾಕ್ಟರುಗಳ ಯೋಗ್ಯತೆ ತಿಳಿಯಬೇಕಾದರೆ ನನ್ನನ್ನು ಕೇಳಬೇಕು. ನಾನು, ನಮ್ಮಕ್ಕ ಇಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿ ಏಳು ವರ್ಷವಾಯಿತು. ಹೆರಿಗೆ ವಾರ್ಡಿನವರ ಕೋಟು ರಕ್ತ ಮೆತ್ತಿಕೊಂಡು ಬರುತ್ತದೆ. ಸ್ಕ್ಯಾನ್ ಮೇಡಂ ತೋಳಿಗೆ ಸದಾ ಜೆಲ್ಲಿನ ಕಲೆ. ತುರ್ತು ವಿಭಾಗದ ಒಬ್ಬ ಮಹಾರಾಯನದು ಮಾತ್ರ ಒಗೆದು ಕಳಿಸಿದ ಹಾಗೇ ಮರಳಿ ಬರುತ್ತದೆ. ಅವನಿಗೆ ನಾವು ಇಟ್ಟ ಹೆಸರು ಇಸ್ತ್ರಿ ಡಾಕ್ಟರ್. ಮೇಲೆ ಥಳಕು, ಒಳಗೆ ಹುಳುಕು. ನನ್ನ ಗ್ರಹಚಾರ, ಹೊಟ್ಟೆನೋವು ಬಂದ ದಿನ ಸಿಕ್ಕವನೂ ಅವನೇ.

ಬೆಳಿಗ್ಗೆ ಒದ್ದೆ ಬಟ್ಟೆಯ ಗಂಟು ಎತ್ತಿದೆ. ಬಲಗಡೆ ಕಿಬ್ಬೊಟ್ಟೆಗೆ ಚಾಕು ಹಾಕಿದಂತಾಯಿತು, ವಾಂತಿಯೂ ಆಯಿತು. ಈ ನೋವು ನನಗೆ ಹೊಸದಲ್ಲ. ಹದಿನೇಳನೆಯ ವಯಸ್ಸಿನಲ್ಲಿ ಎಡಗಡೆಯ ಅಂಡಾಶಯ ಹೀಗೇ ತಿರುಚಿಕೊಂಡಿತ್ತು. ಎಲ್ಲರೂ ಗ್ಯಾಸ್ ಗ್ಯಾಸ್ ಅನ್ನುತ್ತ ಕೂತು, ಕೊನೆಗೆ ಅದನ್ನು ತೆಗೆದೇ ಹಾಕಬೇಕಾಯಿತು. ಈಗ ಉಳಿದಿರುವುದು ಇದೊಂದೇ. ಮದುವೆಯಾಗಿ ವರ್ಷ ತುಂಬಿಲ್ಲ, ನನಗೊಂದು ಮಗು ಬೇಕು.

ಅಕ್ಕ ನನ್ನನ್ನು ತುರ್ತು ವಿಭಾಗಕ್ಕೆ ಕರೆದುಕೊಂಡು ಹೋದಳು. ಇಸ್ತ್ರಿ ಡಾಕ್ಟರ್ ಬರುವಷ್ಟರಲ್ಲಿ ನೋವು ಇಳಿದಿತ್ತು. ಮೂರಡಿ ದೂರ ನಿಂತು, "ಗ್ಯಾಸು. ಮಾತ್ರೆ ನುಂಗು, ಹೋಗು" ಎಂದ.

"ಬಂದು ಬಂದು ಹೋಗುತ್ತೆ ಡಾಕ್ಟ್ರೇ. ಮುಂಚೆ ಒಂದನ್ನ ಹೀಗೇ ಕಳ್ಕೊಂಡಿದೀನಿ. ಹೊಟ್ಟೆ ಮುಟ್ಟಿ ನೋಡಿ."

"ಡಾಕ್ಟರು ನಾನೋ, ನೀನೋ?"

"ಇವನ ಹತ್ರ ಏನು ಮಾತು, ಏಳೇ" ಎಂದ ಅಕ್ಕ, ಬಟ್ಟೆ ಗಾಡಿಯಲ್ಲೇ ನನ್ನನ್ನು ಕೂರಿಸಿ ಸ್ಕ್ಯಾನ್ ಕೋಣೆಗೆ ತಳ್ಳಿಕೊಂಡು ಹೋದಳು.

ಅಲ್ಲಿ ಮಲಗುವಷ್ಟರಲ್ಲಿ ನೋವು ಮತ್ತೆ ಬಂತು. ಅಂಡಾಶಯ ಊದಿ ಮುಷ್ಟಿಗಿಂತ ದೊಡ್ಡದಾಗಿತ್ತು, ಅದರಲ್ಲೊಂದು ನೀರುಗುಳ್ಳೆ. ಹಿಂದೆಯೇ ಬಂದ ಮಹಾರಾಯ ಪರದೆಗೆ ಬೆರಳು ತೋರಿಸಿ, "ರಕ್ತ ಹರೀತಿದೆಯಲ್ಲ ಮೇಡಂ, ತಿರುಚಿಲ್ಲ" ಎಂದ.

"ರಕ್ತ ಹರಿದ್ರೂ ತಿರುಚಿರಬಹುದು ಕಣಪ್ಪ. ಪರದೆ ನೋಡಿದ್ದು ಸಾಕು, ಅವಳ ಮುಖ ನೋಡು" ಎಂದ ಮೇಡಂ ಆಗಲೇ ಸರ್ಜನ್‌ಗೆ ಫೋನ್ ಹಚ್ಚಿದ್ದರು.

ಮಧ್ಯಾಹ್ನದೊಳಗೆ ಹೊಟ್ಟೆಗೆ ಮೂರು ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿದರು. ಎರಡು ಸುತ್ತು ತಿರುಚಿ, ಬದನೆಕಾಯಿ ಬಣ್ಣಕ್ಕೆ ಬಂದಿತ್ತಂತೆ. ಸರ್ಜನ್ ಕತ್ತರಿಸಲಿಲ್ಲ, ಸುತ್ತು ಬಿಡಿಸಿ, ಗುಳ್ಳೆ ತೆಗೆದು, ಉಳಿಸಿಕೊಟ್ಟರು. "ಕಪ್ಪಾದ ಮಾತ್ರಕ್ಕೆ ಸತ್ತಿದೆ ಅಂತಲ್ಲಮ್ಮ, ಚೇತರಿಸ್ಕೊಳ್ಳುತ್ತೆ" ಅಂದರು. ನಾನು ಅತ್ತುಬಿಟ್ಟೆ.

ಮರುದಿನ ಇಸ್ತ್ರಿ ಡಾಕ್ಟರ್ ಬಂದ. ಮಂಚದಿಂದ ಅದೇ ಮೂರಡಿ ದೂರ.

"ನಾನು ಹೇಳ್ಲಿಲ್ವಾ, ಗಾಬರಿ ಪಡೋ ಅಂಥದ್ದೇನಿಲ್ಲ ಅಂತ?"

"ಡಾಕ್ಟ್ರೇ," ಎಂದೆ, "ಆ ಕೋಟು ಇನ್ಮೇಲೆ ನಮ್ಮ ಹತ್ರ ಕಳಿಸ್ಬೇಡಿ. ಅದರಲ್ಲಿ ಒಗೆಯೋಕೆ ಏನೂ ಇರಲ್ಲ. ಸುಮ್ನೆ ನೀರು ದಂಡ."