ಬೂದುಗುಂಬಳಕಾಯಿ ಅಳಿಸಿದ ಬ್ಲಾಗು

ಮದುವೆ ಫೋಟೋ ತೆಗೆದು ತೆಗೆದು ಸಾಕಾಗಿ, ಮಧುಗಿರಿಯ ಭೀಮರಾಜು ಇನ್ನು ಮೇಲೆ ಮಿಲ್ಲು, ಫ್ಯಾಕ್ಟರಿ, ಕಂಪನಿಗಳ ಫೋಟೋ ಮಾತ್ರ ಅಂತ ಸ್ಟುಡಿಯೋದ ಬೋರ್ಡು ಬದಲಾಯಿಸಿದ. ಬೋರ್ಡು ಬದಲಾದಷ್ಟು ಸಲೀಸಾಗಿ ಗಿರಾಕಿಗಳು ಬದಲಾಗಲಿಲ್ಲ. ಸಿಕ್ಕಿದ್ದು ಒಬ್ಬರೇ, ಶಿರಾ ರಸ್ತೆಯಲ್ಲಿ ಕಡಲೆಕಾಯಿ ಎಣ್ಣೆ ಮಿಲ್ಲು ನಡೆಸುವ ಮೂಡಲಗಿರಿಯಪ್ಪ. ಮಿಲ್ಲಿನ ಮುಂಭಾಗದ ಫೋಟೋ ಒಪ್ಪಿಗೆಯಾದರೆ ಡಬ್ಬದ ಲೇಬಲ್ಲು, ಕ್ಯಾಲೆಂಡರು, ಹೈವೇ ಹೋರ್ಡಿಂಗು ಎಲ್ಲವೂ ಭೀಮರಾಜುಗೇ ಅಂತ ಮಾತಾಗಿತ್ತು. ಕೈತಪ್ಪಿದರೆ ಮತ್ತೆ ಕಲ್ಯಾಣ ಮಂಟಪವೇ ಗತಿ.

"ಬರೀ ಫೋಟೋ ಹಾಕಿದ್ರೆ ಯಾರ್ ನೋಡ್ತಾರ್ರೀ? ಒಂದ್ ಬ್ಲಾಗ್ ಬರೀರಿ. ನೀವು ಹೆಂಗೆ ಕೆಲ್ಸ ಮಾಡ್ತೀರ ಅಂತ ವ್ಯಾಪಾರಸ್ಥರಿಗೆ ಗೊತ್ತಾಗ್ಲಿ," ಅಂದಳು ಟೀಚರಾಗಿದ್ದ ಹೆಂಡತಿ ವೇದಾವತಿ.

ಬರೆಯೋದು ಅಂದರೆ ಏನು ಬರೆಯೋದು? ಮೊದಲು 'ಫೋಟೋಗ್ರಾಫರ್ ಬರುವ ಮುನ್ನ ಫ್ಯಾಕ್ಟರಿ ಗುಡಿಸಿಡಿ' ಅಂತ ಬರೆದ. ಓದಿದ್ದು ವೇದಾವತಿ ಒಬ್ಬಳೇ, ಅದೂ ಕಾಗುಣಿತ ತಿದ್ದುವುದಕ್ಕೆ. ಆಮೇಲೆ 'ಹಾಲೋಬ್ಲಾಕ್ ಗೋಡೆಯನ್ನು ಚೆಂದ ಕಾಣಿಸುವುದು ಹೇಗೆ' ಅಂತ ಶುರು ಮಾಡಿದ. ಅರ್ಧಕ್ಕೆ ಬರುವಷ್ಟರಲ್ಲಿ ಅದು ಆಗದ ಕೆಲಸ ಅಂತ ಅವನಿಗೇ ಅನ್ನಿಸಿ ಕೈಬಿಟ್ಟ. ಆಗ ಹೊಳೆದದ್ದು 'ಮೊದಲು, ಆಮೇಲೆ'. ಎಣ್ಣೆ ಮಿಲ್ಲಿನ ಮುಂದೆ ತೆಗೆದಿದ್ದ ಫೋಟೋ, ಅದನ್ನೇ ಕಂಪ್ಯೂಟರಿನಲ್ಲಿ ತಿದ್ದಿದ್ದು, ಎರಡನ್ನೂ ಅಕ್ಕಪಕ್ಕ ಹಾಕಿ, ಜಂಬದಿಂದ ಹೀಗೆ ಬರೆದ:

'ಎಡಗಡೆ ನೋಡಿ. ಬಾಗಿಲ ಮೇಲೆ ದೃಷ್ಟಿಗೆ ಕಟ್ಟುತ್ತಿರುವ ಬೂದುಗುಂಬಳಕಾಯಿ, ಒಂದು ಏಣಿ, ಏಣಿ ಮೇಲೆ ಸೆರಗು ಸಿಕ್ಕಿಸಿಕೊಂಡ ಒಬ್ಬ ಆಳು ಹೆಂಗಸು. ಬಲಗಡೆ ನೋಡಿ. ಬೇಡವಾದದ್ದೆಲ್ಲ ಮಾಯ! ಮಾಲೀಕರೊಬ್ಬರೇ ಮಿಂಚುತ್ತಿದ್ದಾರೆ.'

ಇದು ವಾಟ್ಸಾಪಿನಲ್ಲಿ ಕೊರಟಗೆರೆಯಿಂದ ಪಾವಗಡದವರೆಗೂ ಓಡಾಡಿತು. ಭೀಮರಾಜು ಉಬ್ಬಿಹೋದ. ಮಾರನೇ ದಿನ ಮೂಡಲಗಿರಿಯಪ್ಪನ ಫೋನು ಬಂತು.

"ಲೇ ಭೀಮರಾಜು, ಲ್ಯಾಪ್‌ಟಾಪ್ ಎತ್ಕೊಂಡು ಬಂದ್ಬುಡು. ಏನೂ ಕೇಳ್ಬ್ಯಾಡ."

ಹೋಗಿ ನೋಡಿದರೆ ಮಿಲ್ಲಿನ ಬಾಗಿಲಲ್ಲಿ, ಕುಂಬಳಕಾಯಿ ಕೆಳಗೆ ಕುರ್ಚಿ ಹಾಕಿಕೊಂಡು ಫೋಟೋದಲ್ಲಿ ಏಣಿ ಮೇಲಿದ್ದ ಅದೇ ಹೆಂಗಸು ಕೂತಿದ್ದರು. ಮೂಡಲಗಿರಿಯಪ್ಪ ಪಕ್ಕದಲ್ಲಿ ನಿಂತಿದ್ದ.

"ಇವ್ರ ಹೆಂಡ್ತಿ ಕಣಪ್ಪ ನಾನು, ಗಂಗಲಕ್ಷ್ಮಮ್ಮ," ಅಂದರು ಆಕೆ. "ಮಿಲ್ಲು ನಮ್ಮಪ್ಪ ನನ್ ಹೆಸ್ರಿಗೆ ಬರ್ಕೊಟ್ಟಿದ್ದು. ಅಮಾಸೆ ಅಮಾಸೆಗೂ ಕುಂಬಳಕಾಯಿ ನಾನೇ ಕಟ್ಟೋದು. ಇವ್ರಿಗೆ ಏಣಿ ಹತ್ತಿದ್ರೆ ತಲೆ ಸುತ್ತು. ನನ್ನೂ ಬ್ಯಾಡ್ದಿರೋದ್ರ ಜತೆಗೆ ಸೇರಿಸ್ಬುಟ್ಟಲ್ಲಪ್ಪ! ಪಾವಗಡದಿಂದ ನಮ್ಮಕ್ಕ ಫೋನ್ ಮಾಡಿ ನಕ್ಕಿದ್ದೇ ನಕ್ಕಿದ್ದು."

"ತಪ್ಪಾಯ್ತಮ್ಮಾ, ಎಲ್ಲಾ ವಾಪಸ್ ತರ್ತೀನಿ."

ಭೀಮರಾಜು ಹಿಂಡಿ ಮೂಟೆ ಮೇಲೆ ಕೂತು, ಗಡಿಬಿಡಿಯಲ್ಲಿ ಇಂಟರ್ನೆಟ್ಟಿನಿಂದ ಯಾವುದೋ ದುಂಡನೆಯ ಕಾಯಿಯ ಚಿತ್ರ ಎಳೆದು ಫೋಟೋದ ಬಾಗಿಲಿಗೆ ನೇತುಹಾಕಿದ.

"ಇದ್ಯಾರ ಕಾಯಿ? ನಮ್ ಕಾಯಿಗೆ ಪೂಜೆ ಆಗೈತೆ. ಇದಕ್ಕಾಗೈತಾ?"

ಭೀಮರಾಜು ಆ ಕಾಯಿ ತೆಗೆದುಹಾಕಿ, ಹಳೇ ಫೋಟೋವನ್ನೇ ತೆರೆದು ಬೆಳಕು ಮಾತ್ರ ತಿದ್ದಿದ. ಗಂಗಲಕ್ಷ್ಮಮ್ಮ ಬಗ್ಗಿ ನೋಡಿದರು. ಏಣಿಯ ತುದಿಯಲ್ಲಿ ಕೈ ಮೇಲೆತ್ತಿ ಕಾಯಿ ಕಟ್ಟುತ್ತಿದ್ದ ತಮ್ಮನ್ನು ತಾವೇ ನೋಡುತ್ತಾ ನೋಡುತ್ತಾ ಅವರ ಸಿಟ್ಟು ಇಳಿಯಿತು.

"ಚೆನ್ನಾಗೈತೆ ಕಣಪ್ಪ. ನಾನ್ ಕೆಲ್ಸ ಮಾಡೋದ್ನ ನಾನೇ ಯಾವತ್ತೂ ನೋಡಿರ್ಲಿಲ್ಲ."

ಭೀಮರಾಜುಗೆ ನಿಜವಾಗಲೂ ನಾಚಿಕೆಯಾಯಿತು. ಸದ್ಯ, ಕೆಲಸ ಉಳಿಯಿತು ಅಂತ ಉಸಿರು ಬಿಡುವಷ್ಟರಲ್ಲಿ ಆಕೆಯ ಬೆರಳು ಮತ್ತೆ ಪರದೆಯ ಮೇಲೆ ಬಂತು.

"ಮುಂದೆ ಕೈ ಕಟ್ಕೊಂಡು ನಿಂತಿರೋದ್ಯಾರು?"

"ನಿಮ್ ಯಜಮಾನ್ರಮ್ಮಾ."

"ಏಣಿ ಹಿಡ್ಕೊಳ್ರೀ ಅಂದ್ರೆ, ನಿನ್ ಕ್ಯಾಮೆರಾಗೆ ಹಲ್ಲು ಕಿರ್ಕೊಂಡು ನಿಂತವ್ರೆ. ಅಳ್ಸು."

ಭೀಮರಾಜು ಮೂಡಲಗಿರಿಯಪ್ಪನ ಮುಖ ನೋಡಿದ. ಮೂಡಲಗಿರಿಯಪ್ಪ ಹೆಂಡತಿಯ ಮುಖ ನೋಡಿ, ಭೀಮರಾಜುವಿನ ಕಿವಿಯ ಹತ್ತಿರ ಬಗ್ಗಿದ.

"ಅಳ್ಸ್‌ಬುಡಪ್ಪ," ಅಂದ ಮೆಲ್ಲಗೆ. "ಇಬ್ರ ಕೆಲ್ಸಾನೂ ಉಳೀಲಿ."