ಓರೆನೋಟಕ್ಕೆ ಸಿಕ್ಕ ಗೆಲಾಕ್ಸಿ

ಸಂಜೆ ಏಳೂವರೆ. ಚಂದ್ರನಿಲ್ಲದ ಶರತ್ಕಾಲದ ಆಕಾಶದ ಕೆಳಗೆ, ತಾರಸಿಯಲ್ಲಿ, ಕನ್ನಡಕದಂಗಡಿಯವನ ಅತ್ತೆ ಟೆಲಿಸ್ಕೋಪಿಗೆ ಕಣ್ಣಿಟ್ಟು ಕೂತಿದ್ದರು. ಅವರಿಗೆ ಏನೂ ಕಾಣುತ್ತಿರಲಿಲ್ಲ.

ಮನೆ ಅತ್ತೆಯದು, ತಾರಸಿಯೂ ಅವರದೇ. ಅದರ ನಟ್ಟನಡುವೆ ಮೂರು ಕಾಲು ಚಾಚಿ ನಿಂತ ಅಳಿಯನ ಟೆಲಿಸ್ಕೋಪಿನಿಂದಾಗಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಜಾಗವಿರಲಿಲ್ಲ. ಅಳಿಯ ಗೋಗರೆದು ಗೋಗರೆದು ಒಂದು ಅವಕಾಶ ಗಿಟ್ಟಿಸಿದ್ದ: ಇವತ್ತು ಗೆಲಾಕ್ಸಿ ಕಣ್ಣಿಗೆ ಬಿದ್ದರೆ ಟೆಲಿಸ್ಕೋಪು ಇರಲಿ, ಬೀಳದಿದ್ದರೆ ನಾಳೆ ಗುಜರಿಗೆ.

ಮೊದಲು ಕೃತ್ತಿಕೆಯ ಗೊಂಚಲು ತೋರಿಸಿದ. ಅದನ್ನು ಚಿಕ್ಕಂದಿನಿಂದ ಬರಿಗಣ್ಣಲ್ಲೇ ನೋಡಿದ್ದೇನೆ, ಈಗ ಸಂಸಾರ ದೊಡ್ಡದಾಗಿದೆ ಅಷ್ಟೇ ಎಂದು ಅತ್ತೆ ತಳ್ಳಿಹಾಕಿದರು. ಆಮೇಲೆ ಕೊಳವೆಯನ್ನು ಆಂಡ್ರೊಮಿಡಾ ಗೆಲಾಕ್ಸಿಯತ್ತ ತಿರುಗಿಸಿದ. ಅಂಥ ಮಂಕು ಬೆಳಕು ನೇರ ನೋಡಿದರೆ ಮಾಯವಾಗುತ್ತದೆ, ತುಸು ಪಕ್ಕಕ್ಕೆ ನೋಡಿದರೆ ಕಣ್ಣಂಚಿಗೆ ಸಿಗುತ್ತದೆ. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ವರ್ಷಗಟ್ಟಲೆ ಗಿರಾಕಿಗಳ ಕಣ್ಣು ಪರೀಕ್ಷಿಸಿದ ಬಾಯಿ. ಗಾಬರಿಯಲ್ಲಿ ಅಂಗಡಿಯ ಪಾಠವೇ ಹೊರಬಿತ್ತು. ನೇರ ನೋಡಿ, ಕಣ್ಣು ಆಡಿಸಬೇಡಿ, ಆಗ ಸ್ಪಷ್ಟವಿತ್ತೋ, ಈಗಲೋ?

"ಆಗಲೂ ಕತ್ತಲೆ, ಈಗಲೂ ಕತ್ತಲೆ," ಎಂದರು ಅತ್ತೆ.

ಹೊತ್ತು ತಳ್ಳಲು ಅವನು, ಆ ಬೆಳಕು ಅಲ್ಲಿಂದ ಹೊರಟು ಇಪ್ಪತ್ತೈದು ಲಕ್ಷ ವರ್ಷವಾಯಿತೆಂದು ವಿವರಿಸಿದ.

"ಇನ್ನೂ ದಾರೀಲೇ ಇರಬೇಕು. ಸೊಪ್ಪು ತರೋಕೆ ನಿಮ್ಮನ್ನ ಕಳಿಸಿದ ಹಾಗೆ."

ಅತ್ತೆ ಇನ್ನೇನು ಏಳಬೇಕು, ಪಕ್ಕದ ತಾರಸಿಯ ಬಾಗಿಲು ಕಿರುಗುಟ್ಟಿತು. ಪಕ್ಕದ ಮನೆಯಾಕೆ ಫೋನಿನಲ್ಲಿ ಯಾರಿಗೋ ಸೊಸೆಯ ಸುದ್ದಿ ಪಿಸುಗುಟ್ಟುತ್ತ ಬಂದಳು. ಅರ್ಧ ಎದ್ದಿದ್ದ ಅತ್ತೆ ಮತ್ತೆ ಕೂತು, ಕಣ್ಣನ್ನು ಕೊಳವೆಗೆ ಒತ್ತಿದರು. ತಲೆ ತಿರುಗಿಸದೆ ನೆರೆಮನೆಯ ಮೇಲೆ ನಿಗಾ ಇಡುವುದು ಅವರಿಗೆ ಕರಗತವಾದ ವಿದ್ಯೆ. ತಲೆ ಕಲ್ಲಿನಂತೆ ನಿಂತಿತು. ಕಣ್ಣಗುಡ್ಡೆ ಮಾತ್ರ ತಾನಾಗಿ ಪಕ್ಕದ ತಾರಸಿಯತ್ತ ಜಾರಿತು.

"ಏನೋ ಬಂತು," ಅತ್ತೆ ತುಟಿಯಲ್ಲೇ ಹೇಳಿದರು. "ಉದ್ದಕ್ಕೆ, ಮಬ್ಬು ಮಬ್ಬಾಗಿ. ನೇರ ನೋಡಿದ್ರೆ ಅಡಗಿಕೊಳ್ಳುತ್ತೆ, ನಿಮ್ಮ ಹಾಗೇ."

ಅಳಿಯನಿಗೆ ಹೋದ ಜೀವ ಬಂದಂತಾಯಿತು. ಅದೇ ಗೆಲಾಕ್ಸಿ ಎಂದು ಶುರುಮಾಡಿದ. ಅದರ ಅಗಲ ಹೇಳಿದ, ಅದರಲ್ಲಿರುವ ನಕ್ಷತ್ರಗಳ ಲೆಕ್ಕ ಹೇಳತೊಡಗಿದ.

"ಸುಮ್ಮನಿರಿ ಅಳಿಯಂದ್ರೇ. ಅವಳ ಮಾತು ಕೇಳಿಸ್ತಿಲ್ಲ."

ಪಕ್ಕದ ಮನೆಯಾಕೆ ಕೆಳಗಿಳಿಯುವ ತನಕ ಅತ್ತೆ ಟೆಲಿಸ್ಕೋಪು ಬಿಟ್ಟೇಳಲಿಲ್ಲ.

ಟೆಲಿಸ್ಕೋಪು ತಾರಸಿಯಲ್ಲೇ ಉಳಿಯಿತು. ಮರುದಿನ ಬಟ್ಟೆಯ ಹಗ್ಗವನ್ನು ಅಳಿಯನ ಕೋಣೆಯಲ್ಲಿ, ಕಿಟಕಿಯಿಂದ ಬಾಗಿಲಿಗೆ, ಮಂಚದ ಮೇಲಿಂದ ಹಾಯುವಂತೆ ಕಟ್ಟಲಾಯಿತು.